ಹದಿನೇಳನೇ ಜಾಯಿಂಟು

ಪಿ.ಜೆ. ಬಡಾವಣೆಯ ಹೊಸ ಆಸ್ಪತ್ರೆ, ಮೂರನೇ ಮಹಡಿ.
ಸೀಲಿಂಗ್ ಇನ್ನೂ ಕೂತಿಲ್ಲ.
ಕಬ್ಬಿಣದ ಕುದುರೆಯ ಮೇಲೆ ಹಲಗೆ, ಹಲಗೆಯ ಮೇಲೆ ನಾನು,
ನೆತ್ತಿಗೆ ತಾಗುವ ಹಾಗೆ ತಗಡಿನ ಗಾಳಿಕೊಳವೆ.
ಕೆಳಗಿಂದ ಜಬೀವುಲ್ಲಾ ಮೇಸ್ತ್ರಿಯ ಕೂಗು:
"ಪಾಲಯ್ಯಾ, ಒರೆಸಿದ್ಯೇನಪ್ಪಾ?"
ಒರೆಸಿದೆ ಅಂದೆ.
ಒರೆಸಿರಲಿಲ್ಲ.

ಬೆಳ್ಳಿ ಬಣ್ಣದ ಸುರುಳಿ, ಅಂಗೈ ಅಗಲ,
ಮುಟ್ಟಿದರೆ ತಣ್ಣಗೆ.
ಕೂದಲೆಳೆಗಿಂತ ತೆಳು ಅಲ್ಯೂಮಿನಿಯಂ,
ಅದರ ಬೆನ್ನಿಗೆ ಅಂಟು, ಅಂಟಿನ ಬೆನ್ನಿಗೆ ಕಾಗದ.
ನೀರು ದಾಟದು, ಆವಿ ದಾಟದು,
ಬಿಸಿಲು ಬಿದ್ದರೆ ಬಿಸಿಲನ್ನೇ ವಾಪಸು ಕಳಿಸುತ್ತದೆ
ಅಡ್ವಾನ್ಸ್ ಕೇಳಹೋದವರನ್ನು ನಮ್ಮ ಕಂಟ್ರಾಕ್ಟರು ಕಳಿಸುವ ಹಾಗೆ.
ಒಮ್ಮೆ ಕೂತರೆ ಕೂತಿತು.
ಸೊಟ್ಟಗಾಯಿತೆಂದು ಕೀಳಹೋದರೆ
ಎಣ್ಣೆ ಸವರದ ಕಾವಲಿಯ ದೋಸೆ,
ಹರಿದು ಬರುತ್ತದೆಯೇ ಹೊರತು ಬಿಟ್ಟು ಬರುವುದಿಲ್ಲ.

ಅಂಚಂತೂ ಬ್ಲೇಡು.
ಹನ್ನೊಂದು ವರ್ಷದ ಗೀರು ನನ್ನ ಹೆಬ್ಬೆರಳ ತುಂಬ.
ಹೋದ ವರ್ಷ ರೇಷನ್ ಅಂಗಡಿಯ ಮಿಷನ್ನು
ಮೂರು ಸಲ ಒತ್ತಿದರೂ ನನ್ನನ್ನು ನಾನಲ್ಲ ಅಂದಿತು.
ಹೆಂಡತಿ ಬೆರಳು ಕೊಟ್ಟು ಅಕ್ಕಿ ತಂದಳು.

ಮೇಸ್ತ್ರಿಯ ಚೀಲದಲ್ಲಿ ಬೇರೆ ಸುರುಳಿಗಳೂ ಉಂಟು.
ತಾಮ್ರದ್ದು:
ಆರ್ಕೆಸ್ಟ್ರಾದ ನಾಗಭೂಷಣ ಒಂದು ಮೊಳ ಇಸಕೊಂಡು ಹೋಗಿ
ಗಿಟಾರಿನ ಹೊಟ್ಟೆಯೊಳಗೆ ಬಳಿದ ಮೇಲೆ
ಗುಂಯ್‌ಗುಟ್ಟುವುದು ನಿಂತಿತಂತೆ.
"ಕರೆಂಟಿನ ಚಾಡಿಮಾತು ಅದರೊಳಗೆ ಇಳಿಯಲ್ಲ ಕಣಪ್ಪಾ."
ಸೀಸದ್ದು, ಎಕ್ಸ್‌ರೇ ಕೋಣೆಯ ಸಂದಿಗಳಿಗೆ.
ಇಷ್ಟೇ ಇಷ್ಟು, ಆದರೂ ಕೈಯನ್ನು ನೆಲಕ್ಕೆ ಜಗ್ಗುತ್ತದೆ.
"ಅದು ಮುಟ್ಟಿ ಮಂಡಕ್ಕಿ ತಿನ್ನಬೇಡ, ಸೋಪು ಹಾಕಿ ತೊಳಿ."
ಗಾಜಿನ ನೂಲಿನ ಮೇಲೆ ತಗಡು ಹೊದಿಸಿದ್ದು, ಹಬೆಯ ಕೊಳವೆಗೆ.
ಅದನ್ನು ಸುತ್ತುವುದು ಅವನು ಕಲಿತದ್ದು ಮಿಲ್ಲಿನ ಬಾಯ್ಲರ್ ಮನೆಯಲ್ಲಿ,
ಮಿಲ್ಲು ಇದ್ದಾಗ.

ಕಾಗದ ಮಾತ್ರ ಯಾರಿಗೂ ಬೇಡ.
ಸಂಜೆಗೆ ಹಲಗೆಯ ಕೆಳಗೆ ರಾಶಿ, ಹಾವಿನ ಪೊರೆಯಂತೆ.
ಏನೂ ಹಿಡಿಯದ ನುಣುಪು ಮೈ,
ಅದಕ್ಕೇ ಅಂಟಿನ ಕಾವಲಿಗೆ ಅದನ್ನೇ ಇಟ್ಟಿದ್ದಾರೆ.
ನಾನು ಮಡಚಿ ಮನೆಗೆ ಒಯ್ಯುತ್ತೇನೆ.
ಹಬ್ಬಕ್ಕೆ ಹೆಂಡತಿ ಅದರ ಮೇಲೆ ಹೋಳಿಗೆ ತಟ್ಟುತ್ತಾಳೆ,
ಬಾಳೆಲೆಗಿಂತ ವಾಸಿಯಂತೆ.
ಮಗಳು ದುಗ್ಗಿ ಅದರ ಮೇಲೆ ಸ್ಕೆಚ್‌ಪೆನ್ನಿನಿಂದ ನವಿಲು ಬರೆದು,
ಬಣ್ಣವೆಲ್ಲ ಹನಿಯಾಗಿ ಓಡುವುದ ನೋಡಿ ನಗುತ್ತಾಳೆ.

ಶನಿವಾರ ಕೊಳವೆಯ ಬಾಯಿಗಳ ಮುಚ್ಚಿ ಹೊಗೆ ಬಿಟ್ಟರು.
ಕಂಪನಿಯ ಹುಡುಗಿ, ಹಳದಿ ಟೋಪಿ, ಕೈಯಲ್ಲಿ ಟಾರ್ಚು.
ಹನ್ನೆರಡು ಸರಿ. ಹದಿನಾಲ್ಕು ಸರಿ. ಹದಿನಾರು.
ಹದಿನೇಳರಲ್ಲಿ
ಊದುಬತ್ತಿಯದಷ್ಟೇ ಒಂದು ಎಳೆ
ಮೆಲ್ಲಗೆ ಹೊರಬಂದು, ನಿಂತು, ಸುತ್ತ ನೋಡಿತು.

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ.
"ನಾನೇ ಒರೆಸಿರಲಿಲ್ಲ ಮೇಡಂ" ಅಂದ.
ಅರವತ್ತೆರಡರ ಮಂಡಿ, ಏಣಿಯ ಒಂಬತ್ತು ಮೆಟ್ಟಿಲು,
ಪ್ರತಿ ಮೆಟ್ಟಿಲಿಗೂ ಒಂದು ಯಾ ಅಲ್ಲಾ.
ಕಿತ್ತ ಪಟ್ಟಿಯನ್ನು ತಿರುಗಿಸಿ ನನ್ನ ಮುಖದೆದುರು ಹಿಡಿದ:
ಸಿಮೆಂಟಿನ ಪುಡಿ, ಪ್ಲೈವುಡ್ಡಿನ ಹೊಟ್ಟು, ನನ್ನದೇ ಒಂದು ಕೂದಲು.
ಅಂಟಿನದೇನೂ ತಪ್ಪಿರಲಿಲ್ಲ.
ಬಿಗಿಯಾಗಿಯೇ ಹಿಡಿದಿತ್ತು,
ಧೂಳನ್ನು.

ಸ್ಪಿರಿಟ್ ಬಟ್ಟೆಯಲ್ಲಿ ತಗಡು ಒರೆಸಿದ,
ಒಣಗಲು ಬಿಟ್ಟು ಒಂದು ಬೀಡಿಯ ಹೊತ್ತು ಸುಮ್ಮನೆ ಕೂತ, ಬೀಡಿ ಇಲ್ಲದೆ.
ಹೊಸ ಪಟ್ಟಿ. ಆಚೆ ಎರಡು ಬೆರಳು, ಈಚೆ ಎರಡು.
ನಡುವಿನಿಂದ ಅಂಚಿಗೆ ತೀಡಿದ,
ಗುಳ್ಳೆಗಳೆಲ್ಲ ದಾರಿ ಹುಡುಕಿಕೊಂಡು ಹೋಗುವ ತನಕ.
ಇಳಿಯುವಾಗ ನನ್ನ ಹೆಗಲು ಹಿಡಿದ.
ಏನೂ ಅನ್ನಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಸೋಮವಾರ ಸೀಲಿಂಗ್ ಕೂತಿತು.
ಅಲ್ಲಿ ಮಲಗಿದವರಿಗೆ ಈಗ ಬಿಳಿ ಚೌಕಗಳು ಕಾಣುತ್ತವೆ,
ಎಣಿಸುತ್ತಾರೋ ಏನೋ, ನಿದ್ದೆ ಬಾರದ ರಾತ್ರಿ.

ನಾನೀಗ ಹರಿಹರದ ದಾರಿಯ ಕೋಲ್ಡ್ ಸ್ಟೋರೇಜಿನಲ್ಲಿದ್ದೇನೆ.
ಕೆಳಗಿಂದ ಮೇಸ್ತ್ರಿ ಈಗೀಗ ಕೂಗುವುದಿಲ್ಲ.
ಕೂಗದ್ದಕ್ಕೇ ಎರಡೆರಡು ಸಲ ಒರೆಸುತ್ತೇನೆ,
ಆಮೇಲೂ ಒಮ್ಮೆ ಹೆಬ್ಬೆರಳು ಆಡಿಸುತ್ತೇನೆ.
ಮಿಷನ್ನಿಗೆ ಗುರುತು ಸಿಗದ ಬೆರಳು,
ಧೂಳಿನ ಗುರುತು ಮಾತ್ರ
ಚೆನ್ನಾಗಿ ಹಿಡಿಯುತ್ತದೆ.